ತ್ಯಾಗವೂ ಆತಿಥ್ಯವೂ: ಸಿಸೇರಿಯದ ಬೇಸಿಲನ ದೀನಾಶ್ರಯವನ್ನು ಕುರಿತ ಒಂದು ವಿಚಾರ

೧

ಯೂರೋಪಿನ ಮಧ್ಯಯುಗದ ಇತಿಹಾಸವನ್ನು ಬೋಧಿಸುವ ಅಧ್ಯಾಪಕನಿಗೆ ತರಗತಿಯಲ್ಲಿ ಪದೇ ಪದೇ ಎದುರಾಗುವ ಪ್ರಶ್ನೆಯೊಂದುಂಟು. ಕ್ರೈಸ್ತ ಸಂನ್ಯಾಸಿಗಳು ಸ್ವಂತ ಆಸ್ತಿಯನ್ನು ತೊರೆದರೆಂದು ಪಠ್ಯಪುಸ್ತಕದ ಒಂದು ಪುಟ ಹೇಳುತ್ತದೆ. ಅವರ ಮಠಗಳು ವಿಸ್ತಾರವಾದ ಭೂಮಿಕಾಣಿಗಳನ್ನೂ ತುಂಬಿದ ಉಗ್ರಾಣಗಳನ್ನೂ ಪಡೆದಿದ್ದುವೆಂದು ಮತ್ತೊಂದು ಪುಟ ಹೇಳುತ್ತದೆ. ಇವೆರಡರಲ್ಲಿ ಯಾವುದು ನಿಜವೆಂದು ವಿದ್ಯಾರ್ಥಿಯು ಕೇಳುತ್ತಾನೆ. ಎರಡೂ ನಿಜವೆಂದು ಉತ್ತರಿಸುವುದು ಸುಲಭ. ಎರಡೂ ಹೇಗೆ ನಿಜವಾದುವೆಂದು ವಿವರಿಸುವುದು ಸುಲಭವಲ್ಲ. ಮೊದಲನೆಯದು ಆದರ್ಶ, ಎರಡನೆಯದು ಆ ಆದರ್ಶದ ಅವನತಿ ಎಂಬುದು ಈ ಸಂದರ್ಭದಲ್ಲಿ ಹೇಳುವ ವಾಡಿಕೆಯ ಸಮಾಧಾನ. ಈ ಸಮಾಧಾನವು ಪೂರ್ತಿ ಸುಳ್ಳಲ್ಲವಾದರೂ ಸಾಲದು ಎಂಬುದು ಪ್ರಸ್ತುತ ಲೇಖನದ ಅಭಿಪ್ರಾಯ. ಆದರ್ಶದ ಒಳಗೇ ಎರಡು ವಿಧಿಗಳು ಆರಂಭದಿಂದಲೂ ಇದ್ದುವು. ಇದ್ದುದನ್ನೆಲ್ಲ ಕೊಟ್ಟುಬಿಡಬೇಕೆಂಬುದು ಒಂದು. ಬಂದವರನ್ನೆಲ್ಲ ಬರಮಾಡಿಕೊಳ್ಳಬೇಕೆಂಬುದು ಇನ್ನೊಂದು. ಏನೂ ಇಲ್ಲದವನು ಹಸಿದವನಿಗೆ ಏನನ್ನು ಬಡಿಸಿಯಾನು? ಬಡಿಸಲೆಂದು ಕೂಡಿಟ್ಟವನು ತ್ಯಾಗಿಯಾಗಿ ಉಳಿದಾನೇ? ಈ ಇಕ್ಕಟ್ಟನ್ನು ಕ್ರಿ. ಶ. ನಾಲ್ಕನೆಯ ಶತಮಾನದ ಕಪ್ಪಡೋಕಿಯದಲ್ಲಿ ಬೇಸಿಲನೆಂಬ ಧರ್ಮಾಧ್ಯಕ್ಷನು ಹೇಗೆ ಬಿಡಿಸಲು ಯತ್ನಿಸಿದನೆಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಪರಿಭಾಷೆಯ ವಿಷಯದಲ್ಲಿ ಒಂದು ಮಾತು. ‘ಅಪರಿಗ್ರಹ’ ಎಂಬ ಪದವು ಕನ್ನಡದಲ್ಲಿ ಸಿದ್ಧವಾಗಿಯೇ ಇದೆ. ಆದರೆ ಜೈನ ಶಾಸ್ತ್ರದಲ್ಲಿ ಅದಕ್ಕೆ ನಿಯತವಾದ ಸ್ಥಾನವೂ ಅರ್ಥವೂ ಇರುವುದರಿಂದ ಅದನ್ನು ಇಲ್ಲಿ ಬಳಸಿಲ್ಲ. ಕ್ರೈಸ್ತ ಪರಂಪರೆಯಲ್ಲಿ ಬಿಟ್ಟ ವಸ್ತುವು ಯಾರ ಕೈ ಸೇರಿತೆಂಬ ಪ್ರಶ್ನೆಯೂ ತ್ಯಾಗದ ಒಂದು ಭಾಗ. ಆದುದರಿಂದ ‘ತ್ಯಾಗ’ ಎಂಬ ಸಾಮಾನ್ಯ ಪದವೇ ಇಲ್ಲಿ ಸಾಕೆನಿಸಿತು.

೨

ಮೇಲೆ ಹೇಳಿದ ಎರಡು ವಿಧಿಗಳಿಗೂ ಮೂಲ ಹೊಸ ಒಡಂಬಡಿಕೆ. ಮತ್ತಾಯನ ಸುವಾರ್ತೆಯ ೧೯ನೆಯ ಅಧ್ಯಾಯದಲ್ಲಿ ಧನಿಕನಾದ ಯುವಕನೊಬ್ಬನಿಗೆ ಆಸ್ತಿಯನ್ನು ಮಾರಿ ಬಡವರಿಗೆ ಕೊಡುವಂತೆ ಯೇಸು ಹೇಳಿದ ಪ್ರಸಂಗವಿದೆ. ಅದೇ ಸುವಾರ್ತೆಯ ೨೫ನೆಯ ಅಧ್ಯಾಯದಲ್ಲಿ ಕಡೆಯ ತೀರ್ಪಿನ ಚಿತ್ರವಿದೆ. ಹಸಿದವನಿಗೆ ಅನ್ನವನ್ನೂ ಪರದೇಶಿಗೆ ಆಶ್ರಯವನ್ನೂ ಕೊಟ್ಟವರು ಅದನ್ನು ತನಗೇ ಕೊಟ್ಟಂತಾಯಿತೆಂದು ಅಲ್ಲಿ ನ್ಯಾಯಾಧಿಪತಿಯು ಹೇಳುತ್ತಾನೆ. ಅಪೊಸ್ತಲರ ಕೃತ್ಯಗಳ ೨ ಮತ್ತು ೪ನೆಯ ಅಧ್ಯಾಯಗಳು ಜೆರೂಸಲೇಮಿನ ಮೊದಲ ಭಕ್ತರ ಸಮುದಾಯವನ್ನು ವರ್ಣಿಸುತ್ತವೆ. ಅಲ್ಲಿ ಭೂಮಿಯನ್ನು ಮಾರಿದವರು ಹಣವನ್ನು ನೇರವಾಗಿ ಬಡವರಿಗೆ ಹಂಚಲಿಲ್ಲ. ಅಪೊಸ್ತಲರ ಪಾದಗಳ ಬಳಿ ತಂದಿಟ್ಟರು, ಆಮೇಲೆ ಅವರವರ ಅಗತ್ಯಕ್ಕೆ ತಕ್ಕಂತೆ ಹಂಚಿಕೆಯಾಯಿತು. ಈ ಸಣ್ಣ ವಿವರವು ಮುಂದೆ ಬೇಸಿಲನ ವಾದಕ್ಕೆ ಆಧಾರವಾದುದರಿಂದ ವಾಚಕರು ಇದನ್ನು ನೆನಪಿನಲ್ಲಿಡಬೇಕು.

ಮೊದಲ ವಿಧಿಯನ್ನು ಅಕ್ಷರಶಃ ಪಾಲಿಸಿದವರಲ್ಲಿ ಪ್ರಸಿದ್ಧನು ಈಜಿಪ್ಟಿನ ಆಂಟನಿ. ಅಥನೇಸಿಯಸನು ಬರೆದ ಚರಿತ್ರೆಯ ಪ್ರಕಾರ, ಸುಮಾರು ೨೭೦ರಲ್ಲಿ ಆಂಟನಿಯು ದೇವಾಲಯದಲ್ಲಿ ಆ ಧನಿಕ ಯುವಕನ ಪ್ರಸಂಗವನ್ನು ಕೇಳಿ, ತನ್ನ ೩೦೦ ಅರೌರ, ಎಂದರೆ ಸುಮಾರು ೨೦೦ ಎಕರೆ, ಫಲವತ್ತಾದ ಭೂಮಿಯನ್ನು ಊರವರಿಗೆ ಬಿಟ್ಟುಕೊಟ್ಟನು; ಚರಸ್ವತ್ತನ್ನು ಮಾರಿ ಬಡವರಿಗೆ ಹಂಚಿ ಮರುಭೂಮಿಗೆ ಸಾಗಿದನು. ಎರಡನೆಯ ವಿಧಿಯ ಪ್ರಭಾವಕ್ಕೆ ಅದೇ ದೇಶದ ಪಕೋಮಿಯಸನು ನಿದರ್ಶನ. ಸುಮಾರು ೩೧೨ರಲ್ಲಿ ಬಲವಂತವಾಗಿ ಸೈನ್ಯಕ್ಕೆ ಸೇರಿಸಲ್ಪಟ್ಟು ಥೀಬ್ಸಿನಲ್ಲಿ ಕಾವಲಿನಲ್ಲಿದ್ದ ಅವನಿಗೂ ಅವನ ಸಂಗಡಿಗರಿಗೂ ಗುರುತು ಪರಿಚಯವಿಲ್ಲದ ಊರ ಜನರು ಅನ್ನ ತಂದುಕೊಟ್ಟರು. ಅವರು ಕ್ರೈಸ್ತರೆಂದು ತಿಳಿದ ಮೇಲೆ ಅವನು ಆ ಧರ್ಮವನ್ನು ಸ್ವೀಕರಿಸಿದನೆಂದು ಅವನ ಚರಿತ್ರೆ ಹೇಳುತ್ತದೆ. ಏಕಾಂತವಾಸಿಗಳನ್ನು ಒಂದು ನಿಯಮದ ಅಡಿಯಲ್ಲಿ ಕೂಡಿಸಿ ಸಮುದಾಯ ಮಠವನ್ನು ಮೊಟ್ಟಮೊದಲು ವ್ಯವಸ್ಥೆಗೊಳಿಸಿದ ಕೀರ್ತಿ ಈ ಪಕೋಮಿಯಸನಿಗೇ ಸಲ್ಲುತ್ತದೆ.

ಇವೆರಡೂ ಒಂದಕ್ಕೊಂದು ತೊಡಕಾಗಬಹುದೆಂಬುದನ್ನು ಇವರಿಗಿಂತ ಮೊದಲೇ ಕಂಡವನು ಅಲೆಕ್ಸಾಂಡ್ರಿಯದ ಕ್ಲೆಮೆಂಟನು. ಸುಮಾರು ೨೦೦ರಲ್ಲಿ, ಧನಿಕರ ಮೋಕ್ಷವನ್ನೇ ವಿಷಯವಾಗಿ ಉಳ್ಳ ತನ್ನ ಪ್ರಬಂಧದಲ್ಲಿ, ಎಲ್ಲರೂ ಎಲ್ಲವನ್ನೂ ಎಸೆದುಬಿಟ್ಟರೆ ಹಸಿದವನಿಗೆ ಉಣಬಡಿಸುವವರಾರು ಎಂದು ಅವನು ಕೇಳಿದನು. ಬಿಡಬೇಕಾದುದು ಧನದ ಮೇಲಿನ ಮೋಹವನ್ನು, ಧನವನ್ನಲ್ಲ ಎಂಬುದು ಅವನ ತೀರ್ಮಾನ. ವಿವೇಕದ ಮಾತೇ ಸರಿ. ಆದರೆ ಧನಿಕನಿಗೆ ಬಹಳ ಅನುಕೂಲವಾದ ಮಾತು. ಮೋಹ ಬಿಟ್ಟಿದ್ದೇನೆಂದು ಹೇಳಿಕೊಂಡು ಕಣಜಕ್ಕೆ ಬೀಗ ಹಾಕಿಕೊಂಡಿರುವವನನ್ನು ಈ ತತ್ತ್ವದಿಂದ ತಡೆಯಲಾಗದು.

೩

ನಾಲ್ಕನೆಯ ಶತಮಾನದಲ್ಲಿ ಈ ವಿವಾದವು ಪುಸ್ತಕದಿಂದ ಹೊರಬಿದ್ದು ಬೀದಿಗೆ ಬಂದಿತು. ಅದರ ಕೇಂದ್ರ ಏಷಿಯಾ ಮೈನರು. ಅಲ್ಲಿ ಸೆಬಾಸ್ಟೆಯ ಯೂಸ್ಟೇಥಿಯಸನ ಅನುಯಾಯಿಗಳು ಉಗ್ರ ವೈರಾಗ್ಯವನ್ನು ಸಾರುತ್ತಿದ್ದರು. ಗಾಂಗ್ರ ಎಂಬಲ್ಲಿ ನೆರೆದ ಧರ್ಮಸಭೆಯು ಅವರನ್ನು ಖಂಡಿಸಿತು. ಈ ಸಭೆಯ ವರ್ಷದ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಶತಮಾನದ ಮಧ್ಯಭಾಗಕ್ಕೆ ಸೇರಿದುದೆಂದರೆ ಸಾಕು. ಸರ್ವಸ್ವವನ್ನೂ ತ್ಯಜಿಸದ ಧನಿಕನಿಗೆ ದೇವರಲ್ಲಿ ಯಾವ ಭರವಸೆಯೂ ಇಲ್ಲವೆಂದು ಅವರು ಬೋಧಿಸುತ್ತಿದ್ದರೆಂಬುದು ಆರೋಪಗಳಲ್ಲೊಂದು. ನ್ಯಾಯದಿಂದಲೂ ದಾನದಿಂದಲೂ ಕೂಡಿದ ಸಂಪತ್ತನ್ನು ತಾವು ಹೀನವೆಂದು ಎಣಿಸುವುದಿಲ್ಲವೆಂದು ಸಭೆಯು ತನ್ನ ನಿಲುವನ್ನು ಪ್ರಕಟಿಸಿತು.

ಮುಂದೆ ಯೂಸ್ಟೇಥಿಯಸನೇ ಸೆಬಾಸ್ಟೆಯ ಬಿಷಪನಾದನು. ಅಲ್ಲಿ ಅವನು ಪರದೇಶಿಗಳಿಗೂ ಅಂಗವಿಕಲರಿಗೂ ಒಂದು ಆಶ್ರಯವನ್ನು ಸ್ಥಾಪಿಸಿ, ತನ್ನ ಹಳೆಯ ಸಹಸಾಧಕನಾದ ಏರಿಯಸನನ್ನು ಅದರ ಮುಖ್ಯಸ್ಥನನ್ನಾಗಿ ನೇಮಿಸಿದನು. (ಪ್ರಸಿದ್ಧ ಪಾಷಂಡಿಯೆನಿಸಿದ ಅಲೆಕ್ಸಾಂಡ್ರಿಯದ ಆರಿಯಸನೇ ಬೇರೆ, ಈತನೇ ಬೇರೆ.) ಕೆಲವು ಕಾಲದ ಮೇಲೆ ಏರಿಯಸನು ಆ ಕೆಲಸವನ್ನು ಬಿಟ್ಟು ಹೊರನಡೆದನು. ಯೂಸ್ಟೇಥಿಯಸನು ಮೊದಲಿನವನಾಗಿ ಉಳಿದಿಲ್ಲ, ಹಣ ಕೂಡಿಡುವುದರಲ್ಲಿ ತೊಡಗಿದ್ದಾನೆ ಎಂಬುದು ಅವನ ದೂರು. ತನ್ನೊಡನೆ ಬಂದವರನ್ನು ಕಟ್ಟಿಕೊಂಡು ಅವನು ಬಯಲುಗಳಲ್ಲಿಯೂ ಗುಹೆಗಳಲ್ಲಿಯೂ ಕಾಲ ಕಳೆದನು. ಈ ಕಥೆಯನ್ನು ನಮಗೆ ಉಳಿಸಿಕೊಟ್ಟವನು ಎಪಿಫೇನಿಯಸನು. ಅವನು ಏರಿಯಸನ ವಿರೋಧಿಯಾದುದರಿಂದ ಅವನ ಮಾತನ್ನು ಎಚ್ಚರಿಕೆಯಿಂದ ಸ್ವೀಕರಿಸಬೇಕು. ಆದರೂ ಯೂಸ್ಟೇಥಿಯಸನ ಪರವಾಗಿ ಅವನು ಹೇಳುವ ಸಮಾಧಾನವು ಗಮನಾರ್ಹವಾದುದು: ಧರ್ಮಸಭೆಯ ಹೊಣೆಗಳು ಕೈಯಲ್ಲಿದ್ದಾಗ ಅವನು ಬೇರೆ ರೀತಿಯಲ್ಲಿ ನಡೆದುಕೊಳ್ಳುವಂತಿರಲಿಲ್ಲ.

ಇಲ್ಲಿ ದುಷ್ಟನಾರು, ಶಿಷ್ಟನಾರು ಎಂದು ತೀರ್ಪು ಕೊಡುವ ಅಗತ್ಯವಿಲ್ಲ. ಒಂದೇ ಗುರಿಯಿಂದ ಹೊರಟ ಇಬ್ಬರು ಸಾಧಕರ ಪೈಕಿ ಒಬ್ಬನು ಬಾಗಿಲಿಗೆ ಬಂದ ರೋಗಿಗಾಗಿ ಉಗ್ರಾಣವನ್ನು ಇಟ್ಟುಕೊಂಡನು. ಇನ್ನೊಬ್ಬನು ಉಗ್ರಾಣವನ್ನು ಒಲ್ಲದೆ ಬಾಗಿಲನ್ನೂ ಬಿಟ್ಟು ನಡೆದನು. ಈ ಯೂಸ್ಟೇಥಿಯಸನೇ ಬೇಸಿಲನ ಯೌವನಕಾಲದ ಮಾರ್ಗದರ್ಶಿ. ಮುಂದೆ ಪವಿತ್ರಾತ್ಮನ ಸ್ವರೂಪದ ವಿಚಾರದಲ್ಲಿ ಭಿನ್ನಾಭಿಪ್ರಾಯವುಂಟಾಗಿ, ಸುಮಾರು ೩೭೩ರಲ್ಲಿ ಇಬ್ಬರೂ ಬೇರೆಯಾದರು. ಹೀಗಿದ್ದರೂ ಸೆಬಾಸ್ಟೆಯ ಪ್ರಯೋಗವೂ ಅದರ ಬಿರುಕೂ ಬೇಸಿಲನ ಕಣ್ಣಮುಂದೆ ಇದ್ದುವೆಂಬುದನ್ನು ಮರೆಯಬಾರದು.

೪

ಬೇಸಿಲನು ಸುಮಾರು ೩೩೦ರಲ್ಲಿ ಕಪ್ಪಡೋಕಿಯದ ರಾಜಧಾನಿಯಾದ ಸಿಸೇರಿಯದಲ್ಲಿ ಜನಿಸಿದನು. ಅದು ಇಂದಿನ ತುರ್ಕಿಯ ಕೈಸೇರಿ ನಗರ. ಅವನದು ಭೂಮಿಕಾಣಿಯುಳ್ಳ ಕುಟುಂಬ. ಕಾನ್‌ಸ್ಟಾಂಟಿನೋಪಲ್ ಮತ್ತು ಅಥೆನ್ಸ್ ನಗರಗಳಲ್ಲಿ ಉನ್ನತ ವಿದ್ಯಾಭ್ಯಾಸ ಮಾಡಿ, ಈಜಿಪ್ಟ್, ಪ್ಯಾಲೆಸ್ಟೈನ್, ಸಿರಿಯಗಳ ಸಂನ್ಯಾಸಿಗಳನ್ನು ಕಂಡು ಬಂದು, ಪಾಂಟಸ್ ಪ್ರಾಂತದ ಐರಿಸ್ ನದಿಯ ತೀರದಲ್ಲಿ ತಪೋಜೀವನವನ್ನು ಆರಂಭಿಸಿದನು. ಅನಂತರ ಸಿಸೇರಿಯದಲ್ಲಿ ಪುರೋಹಿತನಾಗಿ, ೩೭೦ರಲ್ಲಿ ಬಿಷಪನಾದನು. ೩೭೮ರ ಕೊನೆಯಲ್ಲಿಯೋ ೩೭೯ರ ಮೊದಲ ದಿನದಂದೋ ತೀರಿಕೊಂಡನು.

ಅವನು ಇನ್ನೂ ಪುರೋಹಿತನಾಗಿದ್ದಾಗ, ಸುಮಾರು ೩೬೮-೬೯ರಲ್ಲಿ, ಆ ಪ್ರಾಂತದಲ್ಲಿ ಘೋರವಾದ ಕ್ಷಾಮ ತಲೆದೋರಿತು. ಅದರ ಆರ್ಥಿಕ ಕಾರಣವನ್ನು ಅವನ ಮಿತ್ರನಾದ ನಜಿಯಾನ್ಜಸಿನ ಗ್ರೆಗರಿಯು ಸ್ಪಷ್ಟವಾಗಿ ಗುರುತಿಸಿದ್ದಾನೆ. ಕಡಲತೀರದ ನಗರಗಳು ಹಡಗುಗಳ ಮೂಲಕ ಧಾನ್ಯವನ್ನು ತರಿಸಿಕೊಂಡು ಇಂಥ ಕಷ್ಟವನ್ನು ತಾಳಿಕೊಳ್ಳಬಲ್ಲುವು. ಒಳನಾಡಿನವರಿಗೆ ಮಿಗತೆಯಿದ್ದರೆ ಕಳುಹಿಸಲು ದಾರಿಯಿಲ್ಲ, ಕೊರತೆಯಿದ್ದರೆ ತರಿಸಲು ದಾರಿಯಿಲ್ಲ. ಇಂಥ ಸ್ಥಳದಲ್ಲಿ ಕ್ಷಾಮವೆಂದರೆ ಧಾನ್ಯವೇ ಇಲ್ಲವೆಂದಲ್ಲ. ಇರುವ ಧಾನ್ಯವು ಬೆಲೆಯೇರಿಕೆಗಾಗಿ ಕಾಯುತ್ತ ಕೆಲವರ ಕಣಜಗಳಲ್ಲಿ ಕುಳಿತಿದೆಯೆಂದು ಅರ್ಥ.

ಬೇಸಿಲನ ಮೂರು ಉಪನ್ಯಾಸಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಒಂದು, ಲೂಕನ ಸುವಾರ್ತೆಯಲ್ಲಿ ಬರುವ, ಕಣಜಗಳನ್ನು ಕೆಡವಿ ದೊಡ್ಡದಾಗಿ ಕಟ್ಟಲು ಹೊರಟ ಧನಿಕನನ್ನು ಕುರಿತದ್ದು. ಎರಡನೆಯದು ಧನಿಕರನ್ನು ಉದ್ದೇಶಿಸಿದ್ದು. ಮೂರನೆಯದು ಕ್ಷಾಮವನ್ನೂ ಅನಾವೃಷ್ಟಿಯನ್ನೂ ಕುರಿತದ್ದು. ಮೊದಲನೆಯದರಲ್ಲಿ ಹಸಿವಿನಿಂದ ಕಂಗೆಟ್ಟ ತಂದೆಯೊಬ್ಬನ ಚಿತ್ರವಿದೆ. ಮಕ್ಕಳಲ್ಲಿ ಯಾರನ್ನು ಮಾರಿ ಉಳಿದವರನ್ನು ಉಳಿಸಿಕೊಳ್ಳಲಿ ಎಂದು ಅವನು ತೊಳಲಾಡುತ್ತಾನೆ. ಕೊಳ್ಳಲು ಬಂದವನು ಆಗಲೂ ಬೆಲೆ ಚೌಕಾಸಿ ಮಾಡುತ್ತಾನೆ. ಉಪನ್ಯಾಸದ ತಾತ್ಪರ್ಯವು ಕ್ಲೆಮೆಂಟನ ಮಾತಿಗಿಂತ ಬಹಳ ದೂರ ಸಾಗಿದೆ. ನೀನು ಬಳಸದೆ ಇಟ್ಟಿರುವ ಅನ್ನವೂ ಬಟ್ಟೆಯೂ ಇಲ್ಲದವನಿಗೆ ಸೇರಿದ ಸ್ವತ್ತು. ಆದುದರಿಂದ ಕೊಡದಿರುವುದು ಬರಿಯ ಲೋಭವಲ್ಲ, ಅಪಹಾರ. ಧನಿಕನು ಒಡೆಯನಲ್ಲ, ಹಂಚಿಕೆಯ ಪಾರುಪತ್ಯಗಾರ. ಕ್ಲೆಮೆಂಟನಲ್ಲಿ ತ್ಯಾಗವು ಮನಸ್ಸಿನ ಒಂದು ಸ್ಥಿತಿಯಾಗಿದ್ದಿತು. ಬೇಸಿಲನಲ್ಲಿ ಅದು ತೀರಿಸಬೇಕಾದ ಸಾಲವಾಯಿತು.

ಮಾತು ಮಾತಾಗಿಯೇ ಉಳಿಯಲಿಲ್ಲ. ಬೇಸಿಲನು ತನ್ನ ಪಿತ್ರಾರ್ಜಿತವನ್ನು ಬಡವರಿಗಾಗಿ ವೆಚ್ಚಮಾಡಿದನೆಂದು ಅವನ ತಮ್ಮನಾದ ನಿಸ್ಸದ ಗ್ರೆಗರಿಯು ಬರೆದಿದ್ದಾನೆ. ಧನಿಕರ ಕಣಜಗಳನ್ನು ಅವನ ಮಾತು ತೆರೆಸಿತೆಂದೂ, ಹಸಿದ ಗಂಡಸರು, ಹೆಂಗಸರು, ಮಕ್ಕಳು, ಮುದುಕರನ್ನು ಒಂದೆಡೆ ಕೂಡಿಸಿ, ಬೇಯಿಸಿದ ಕಾಳಿನ ಗಂಜಿಯನ್ನೂ ಉಪ್ಪಿನಲ್ಲಿಟ್ಟ ಪದಾರ್ಥಗಳನ್ನೂ ತಾನೇ ನಿಂತು ಬಡಿಸಿದನೆಂದೂ ನಜಿಯಾನ್ಜಸಿನ ಗ್ರೆಗರಿಯು ಹೇಳುತ್ತಾನೆ.

೫

ಕ್ಷಾಮ ತೀರಿತು, ಬಡತನ ತೀರಲಿಲ್ಲ. ಬಿಷಪನಾದ ಮೇಲೆ ಬೇಸಿಲನು ನಗರದ ಹೊರವಲಯದಲ್ಲಿ ಕಟ್ಟಡಗಳ ಒಂದು ಸಮುದಾಯವನ್ನು ನಿರ್ಮಿಸಿದನು. ಮುಂದಿನ ಶತಮಾನದ ಚರಿತ್ರಕಾರನಾದ ಸೊಜೊಮೆನನ ಕಾಲಕ್ಕೆ ಅದು ಸ್ಥಾಪಕನ ಹೆಸರಿನಿಂದಲೇ ‘ಬೇಸಿಲಿಯಾಸ್’ ಎಂದು ಖ್ಯಾತವಾಗಿತ್ತು. ಗ್ರೆಗರಿಯು ತನ್ನ ಚರಮ ಪ್ರಶಸ್ತಿಯಲ್ಲಿ ಅದನ್ನು ಹೊಸ ನಗರವೆಂದು ಕರೆದು, ಬ್ಯಾಬಿಲೋನಿನ ಕೋಟೆಯೇ ಮೊದಲಾದ ಲೋಕದ ಅದ್ಭುತಗಳಿಗಿಂತ ಮಿಗಿಲೆಂದು ಹೊಗಳಿದ್ದಾನೆ. ಊರಿನಿಂದ ಅಟ್ಟಲ್ಪಟ್ಟು ಬೀದಿಯಲ್ಲಿ ಅಲೆಯುತ್ತಿದ್ದ ಕುಷ್ಠರೋಗಿಗಳಿಗೆ ಅಲ್ಲಿ ನೆಲೆ ದೊರೆಯಿತು. ಬೇಸಿಲನು ಅವರನ್ನು ಸಹೋದರರಂತೆ ಅಪ್ಪಿಕೊಂಡನು. ಚರಮ ಪ್ರಶಸ್ತಿಯಲ್ಲಿ ಅತಿಶಯೋಕ್ತಿ ಸಹಜ. ಆದುದರಿಂದ ಬೇಸಿಲನ ಸ್ವಂತ ಪತ್ರಗಳೇ ಹೆಚ್ಚು ಬೆಲೆಯುಳ್ಳ ಆಧಾರಗಳು.

ಇವುಗಳಲ್ಲಿ ಮೂರನ್ನು ಇಲ್ಲಿ ಹೆಸರಿಸಬೇಕು. ೯೪ನೆಯ ಪತ್ರವು ಪ್ರಾಂತಾಧಿಕಾರಿಯಾದ ಇಲಿಯಾಸನಿಗೆ ಬರೆದದ್ದು. ಈ ಕಟ್ಟಡಗಳ ವಿಷಯದಲ್ಲಿ ಯಾರೋ ಚಾಡಿ ಹೇಳಿದ್ದರು. ದಾರಿಯಲ್ಲಿ ಬಂದ ಪರದೇಶಿಗಳಿಗೂ ಶುಶ್ರೂಷೆ ಬೇಕಾದ ರೋಗಿಗಳಿಗೂ ವಸತಿ ಕಟ್ಟಿ, ದಾದಿಯರು, ವೈದ್ಯರು, ಹೊರೆ ಹೊರುವ ಪಶುಗಳು, ದಾರಿ ತೋರುವವರು, ಇವನ್ನೆಲ್ಲ ಒದಗಿಸಿದರೆ ಯಾರಿಗೆ ಅನ್ಯಾಯವಾಯಿತೆಂದು ಬೇಸಿಲನು ಕೇಳುತ್ತಾನೆ. ಅದರೊಡನೆ ಕಸುಬುಗಳನ್ನೂ ಅವಕ್ಕೆ ಬೇಕಾದ ಮನೆಗಳನ್ನೂ ಉಲ್ಲೇಖಿಸುತ್ತಾನೆ. ೧೪೨ನೆಯ ಪತ್ರವು ತೆರಿಗೆಯ ಲೆಕ್ಕಾಧಿಕಾರಿಗೆ ಬರೆದದ್ದು. ಬಡವರ ಆಶ್ರಯವೊಂದನ್ನು ಸ್ವತಃ ನೋಡಿ, ಅದನ್ನು ತೆರಿಗೆಯಿಂದ ಬಿಡಬೇಕೆಂದು ಅದರಲ್ಲಿ ಬೇಡಿಕೆಯಿದೆ. ಅಂದರೆ ಸರ್ವಸಂಗಪರಿತ್ಯಾಗಿಯು ತೆರಿಗೆಯ ಪಟ್ಟಿಯ ಮುಂದೆ ಕೈಕಟ್ಟಿ ನಿಂತಿದ್ದಾನೆ. ಏರಿಯಸನು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದನೆಂಬುದನ್ನು ಊಹಿಸುವುದು ಕಷ್ಟವಲ್ಲ.

ಮೂರನೆಯದಾದ ೧೫೦ನೆಯ ಪತ್ರವು ಏರಿಯಸನಂಥವರಿಗೆ ಬೇಸಿಲನು ಕೊಡಬಹುದಾಗಿದ್ದ ಉತ್ತರವನ್ನು ಒಳಗೊಂಡಿದೆ. ಇದು ಹೆರಾಕ್ಲಿಡಸ್ ಎಂಬ ಸಾಧಕನು ತನ್ನ ಮಿತ್ರ ಆಂಫಿಲೋಕಿಯಸನಿಗೆ ಬರೆದಂತೆ ರಚಿತವಾಗಿದೆ. ಹೆರಾಕ್ಲಿಡಸನು ಸಿಸೇರಿಯದ ಬಳಿಯ ಬಡವರ ಆಶ್ರಯದಲ್ಲಿಯೇ ತಂಗಿ, ತ್ಯಾಗದ ಮಿತಿಯೇನೆಂದು ಬೇಸಿಲನನ್ನು ಕೇಳುತ್ತಾನೆ. ಕಡೆಯ ಒಂದು ಅಂಗಿಯ ತನಕವೂ ಎಂಬುದು ಉತ್ತರ. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ತನ್ನ ಸ್ವತ್ತನ್ನು ಪ್ರತಿಯೊಬ್ಬನೂ ತಾನೇ ಹಂಚತಕ್ಕದ್ದಲ್ಲ, ಬಡವರ ವ್ಯವಸ್ಥೆಯು ಯಾರಿಗೆ ಒಪ್ಪಿಸಲ್ಪಟ್ಟಿದೆಯೋ ಅವನ ಕೈಗೆ ಕೊಡಬೇಕು. ಅಪೊಸ್ತಲರ ಪಾದಗಳ ಬಳಿ ಹಣವಿಟ್ಟ ಪ್ರಸಂಗವೇ ಇದಕ್ಕೆ ಪ್ರಮಾಣ. ನಿಜವಾಗಿ ನೊಂದವನಾರು, ಲೋಭದಿಂದ ಬೇಡುವವನಾರು ಎಂದು ತಿಳಿಯಲು ಅನುಭವ ಬೇಕೆಂಬುದೂ ಅದಕ್ಕೆ ಕಾರಣವಾಗಿ ಹೇಳಲ್ಪಟ್ಟಿದೆ.

ಈ ಉತ್ತರದಲ್ಲಿ ಆದರ್ಶದ ಎರಡು ವಿಧಿಗಳೂ ಒಂದು ಏರ್ಪಾಟಿನಲ್ಲಿ ಸೇರಿವೆ. ಒಡೆತನವನ್ನು ಬಿಡುವುದು ವ್ಯಕ್ತಿಯ ಧರ್ಮ. ಬಿಟ್ಟದ್ದು ಬಂದವರಿಗೆ ತಲಪುವಂತೆ ಮಾಡುವುದು ಸಂಸ್ಥೆಯ ಧರ್ಮ. ನಡುವೆ ನಿಂತ ಅಧಿಕಾರಿಯು ತನ್ನದಲ್ಲದ ಧನವನ್ನು ನಿರ್ವಹಿಸುವ ಬಡವ. ಬೇಸಿಲನಿಗೆ ಒಂದೇ ಅಂಗಿ, ಒಂದು ಹಳೆಯ ಹೊದಿಕೆ, ರೊಟ್ಟಿ ಮತ್ತು ಉಪ್ಪೇ ಊಟ ಎಂಬ ಗ್ರೆಗರಿಯ ವರ್ಣನೆಯು ಕೇವಲ ಭಕ್ತಿಯ ಅಲಂಕಾರವಲ್ಲ. ಈ ಏರ್ಪಾಟು ನಂಬಿಕೆಗೆ ಅರ್ಹವಾಗಬೇಕಾದರೆ ಅಗತ್ಯವಾದ ನಿಬಂಧನೆ.

೬

ಇದಕ್ಕೆ ಎರಡು ಆಕ್ಷೇಪಗಳನ್ನು ಪರಿಶೀಲಿಸಬೇಕು. ಮೊದಲನೆಯದು ಪ್ರಾಚೀನವಾದುದು. ಚಕ್ರವರ್ತಿ ಜೂಲಿಯನನು ೩೬೨ರಲ್ಲಿ ಗಲೇಷಿಯದ ಮುಖ್ಯ ಅರ್ಚಕನಾದ ಆರ್ಸೇಸಿಯಸನಿಗೆ ಬರೆದನೆನ್ನಲಾದ ಪತ್ರವೊಂದಿದೆ. ಕ್ರೈಸ್ತರು ತಮ್ಮ ಬಡವರನ್ನಲ್ಲದೆ ಇತರರ ಬಡವರನ್ನೂ ಪೋಷಿಸಿ ಜನರನ್ನು ಸೆಳೆಯುತ್ತಿದ್ದಾರೆಂದು ಅದರಲ್ಲಿ ಅಸಮಾಧಾನವಿದೆ. ಪ್ರತಿ ನಗರದಲ್ಲಿಯೂ ಅತಿಥಿಗೃಹಗಳನ್ನು ಸ್ಥಾಪಿಸಬೇಕೆಂದು ಆಜ್ಞೆಯಿದೆ. ಅದಕ್ಕಾಗಿ ವರ್ಷಕ್ಕೆ ೩೦,೦೦೦ ಮೋದಿ ಅಳತೆಯ ಗೋಧಿಯನ್ನೂ ೬೦,೦೦೦ ಸೇರಿನಷ್ಟು ದ್ರಾಕ್ಷಾರಸವನ್ನೂ ನಿಗದಿಮಾಡಿ, ಐದರಲ್ಲಿ ಒಂದು ಭಾಗವನ್ನು ಅರ್ಚಕರ ಸೇವೆಯಲ್ಲಿರುವ ಬಡವರಿಗೂ ಉಳಿದುದನ್ನು ಪರದೇಶಿಗಳಿಗೂ ಭಿಕ್ಷುಕರಿಗೂ ಹಂಚಬೇಕೆಂದು ಹೇಳಿದೆ. ಈ ಪತ್ರದ ಪ್ರಾಮಾಣ್ಯವನ್ನು ಈಚಿನ ಕೆಲವು ವಿದ್ವಾಂಸರು ಶಂಕಿಸಿದ್ದಾರೆ. ಆದುದರಿಂದ ಇದರ ಮೇಲೆ ಹೆಚ್ಚಿನ ಭಾರ ಹೊರಿಸುವುದು ಯುಕ್ತವಲ್ಲ. ಕ್ರೈಸ್ತರ ದಾನಕ್ಕೆ ಜನರನ್ನು ಗೆಲ್ಲುವ ಶಕ್ತಿಯಿದ್ದಿತೆಂಬ ಭಾವನೆ ಪ್ರಾಚೀನರಲ್ಲಿಯೇ ಇದ್ದಿತೆಂಬಷ್ಟಕ್ಕೆ ಅದು ಸಾಕ್ಷಿ.

ಎರಡನೆಯದು ಆಧುನಿಕವಾದುದು. ಪೀಟರ್ ಬ್ರೌನ್ ಅವರು ೨೦೦೨ರಲ್ಲಿ ಪ್ರಕಟಿಸಿದ, ಉತ್ತರಕಾಲೀನ ರೋಮನ್ ಸಾಮ್ರಾಜ್ಯದ ಬಡತನವನ್ನೂ ನಾಯಕತ್ವವನ್ನೂ ಕುರಿತ ಗ್ರಂಥದಲ್ಲಿ, ಬಿಷಪರು ‘ಬಡವರ ಪ್ರೇಮಿ’ಗಳೆಂಬ ಬಿರುದಿನ ಮೂಲಕ ಸಮಾಜದಲ್ಲಿ ಹೊಸ ಅಧಿಕಾರವನ್ನು ಗಳಿಸಿಕೊಂಡರೆಂದು ವಾದಿಸಿದ್ದಾರೆ. ಹಳೆಯ ನಗರ ಸಂಸ್ಕೃತಿಯಲ್ಲಿ ಶ್ರೀಮಂತನು ದಾನ ಮಾಡುತ್ತಿದ್ದುದು ತನ್ನ ನಗರಕ್ಕೆ, ತನ್ನ ಪೌರರಿಗೆ. ಬಡವನಾದುದೇ ಅದನ್ನು ಪಡೆಯಲು ಅರ್ಹತೆಯಾಗಿರಲಿಲ್ಲ. ಪೌರನಲ್ಲದ ಪರದೇಶಿಗೂ ರೋಗಿಗೂ ಅಲ್ಲಿ ಹೆಸರಿರಲಿಲ್ಲ. ಅವರಿಗೆ ಹೆಸರು ಕೊಟ್ಟು, ಅವರ ಪಾಲಕರೆಂದು ಬಿಷಪರು ನಿಂತರು. ಕಾನ್‌ಸ್ಟಂಟೈನನ ಕಾಲದಿಂದ ದೊರೆತ ರಿಯಾಯಿತಿಗಳಿಗೆ ಅದೇ ಸಮರ್ಥನೆಯಾಯಿತು. ೧೪೨ನೆಯ ಪತ್ರವನ್ನು ಓದಿದವರು ಇದನ್ನು ಅಲ್ಲಗಳೆಯಲಾರರು. ಆದರೆ ಅಧಿಕಾರ ದೊರೆಯಿತೆಂಬುದರಿಂದ ಉದ್ದೇಶವು ಅಧಿಕಾರವೇ ಆಗಿದ್ದಿತೆಂದು ಸಿದ್ಧವಾಗುವುದಿಲ್ಲ. ಕುಷ್ಠರೋಗಿಗೆ ದೊರೆತ ಹಾಸಿಗೆಯು ಬಿಷಪನಿಗೆ ದೊರೆತ ಕೀರ್ತಿಯಿಂದ ಸುಳ್ಳಾಗುವುದೂ ಇಲ್ಲ.

೭

ಬೇಸಿಲನ ನಿಯಮಗಳನ್ನು ರೂಫಿನಸನು ಸುಮಾರು ೩೯೭ರಲ್ಲಿ ಲ್ಯಾಟಿನಿಗೆ ತಂದನು. ಆರನೆಯ ಶತಮಾನದ ಮಧ್ಯದ ವೇಳೆಗೆ ಇಟಲಿಯ ಮಾಂಟೆ ಕ್ಯಾಸಿನೋದಲ್ಲಿ ಬೆನೆಡಿಕ್ಟನು ರಚಿಸಿದ ೭೩ ಅಧ್ಯಾಯಗಳ ನಿಯಮಗ್ರಂಥವು ಕೊನೆಯ ಅಧ್ಯಾಯದಲ್ಲಿ ಬೇಸಿಲನನ್ನು ಗೌರವದಿಂದ ಹೆಸರಿಸುತ್ತದೆ. ಅದರ ೩೩ನೆಯ ಅಧ್ಯಾಯವು ಮಠವಾಸಿಗೆ ಬರೆಯುವ ಲೇಖನಿಯನ್ನು ಕೂಡ ಸ್ವಂತವೆನ್ನಲು ಬಿಡುವುದಿಲ್ಲ. ೫೩ನೆಯದು ಬಂದ ಅತಿಥಿಯನ್ನು ಕ್ರಿಸ್ತನೆಂದೇ ಬರಮಾಡಿಕೊಳ್ಳಬೇಕೆನ್ನುತ್ತದೆ. ಧನಿಕನಿಗೆ ಗೌರವವು ಅವನ ಭಯದಿಂದಲೇ ದೊರೆಯುತ್ತದೆ. ಆದುದರಿಂದ ಬಡವರ ಮತ್ತು ಯಾತ್ರಿಕರ ವಿಷಯದಲ್ಲಿಯೇ ಹೆಚ್ಚಿನ ಎಚ್ಚರ ಬೇಕು ಎಂಬ ಸೂಕ್ಷ್ಮವೂ ಅಲ್ಲಿದೆ. ಹೊಸ ಬಟ್ಟೆ ಪಡೆದವನು ಹಳೆಯದನ್ನು ಬಡವರಿಗಾಗಿ ಹಿಂತಿರುಗಿಸಬೇಕೆಂದು ೫೫ನೆಯ ಅಧ್ಯಾಯ ವಿಧಿಸುತ್ತದೆ. ಇವು ಬಿಡಿಬಿಡಿಯಾದ ಸದ್ಗುಣಗಳಲ್ಲ. ಒಬ್ಬನೊಬ್ಬನಿಗೂ ಸ್ವಂತವಿಲ್ಲವಾದುದರಿಂದ ಮಠಕ್ಕೆ ಉಗ್ರಾಣವಿದೆ. ಬಾಗಿಲಲ್ಲಿ ಬಂದವನಿರುವುದರಿಂದ ಉಗ್ರಾಣಕ್ಕೆ ಅರ್ಥವಿದೆ.

ಈ ಏರ್ಪಾಟಿನ ದೌರ್ಬಲ್ಯವೂ ಇದರಲ್ಲಿಯೇ ಅಡಗಿದೆ. ಬಾಗಿಲು ಮುಚ್ಚಿದರೂ ಉಗ್ರಾಣವು ಉಳಿಯಬಲ್ಲದು. ಮಠವಾಸಿಯು ಬಡವನಾಗಿದ್ದರೂ ಮಠವು ಸಿರಿವಂತವಾಗಬಲ್ಲದು. ಹದಿಮೂರನೆಯ ಶತಮಾನದಲ್ಲಿ ಅಸ್ಸೀಸಿಯ ಫ್ರಾನ್ಸಿಸನು ಈ ಕಾರಣದಿಂದಲೇ ಇನ್ನೊಂದು ಹೆಜ್ಜೆ ಮುಂದಿಟ್ಟನು. ೧೨೨೩ರ ಅವನ ನಿಯಮವು ಸಹೋದರರಿಗೆ ಮನೆಯನ್ನಾಗಲಿ ಸ್ಥಳವನ್ನಾಗಲಿ ತಮ್ಮದಾಗಿಸಿಕೊಳ್ಳಲು ಅನುಮತಿ ಕೊಡಲಿಲ್ಲ. ನೂರು ವರ್ಷಗಳ ಮೇಲೆ, ೧೩೨೩ರಲ್ಲಿ, ಕ್ರಿಸ್ತನೂ ಅಪೊಸ್ತಲರೂ ಸ್ವಂತವಾಗಿಯಾಗಲಿ ಸಾಮೂಹಿಕವಾಗಿಯಾಗಲಿ ಏನನ್ನೂ ಹೊಂದಿರಲಿಲ್ಲವೆಂದು ಹಟದಿಂದ ಸಾಧಿಸುವುದು ಪಾಷಂಡವೆಂದು ಪೋಪ್ ಇಪ್ಪತ್ತೆರಡನೆಯ ಜಾನನು ಘೋಷಿಸಿದನು. ಸೆಬಾಸ್ಟೆಯಲ್ಲಿ ಯೂಸ್ಟೇಥಿಯಸನಿಗೂ ಏರಿಯಸನಿಗೂ ನಡೆದ ಜಗಳವು ಸಾವಿರ ವರ್ಷಗಳ ಸಮೀಪಕ್ಕೆ ಬಂದರೂ ಮುಗಿದಿರಲಿಲ್ಲ.

ಇನ್ನು ವಿದ್ಯಾರ್ಥಿಯ ಪ್ರಶ್ನೆಗೆ ಮರಳಬಹುದು. ಮಠದ ಸಂಪತ್ತನ್ನು ಕಂಡ ಕೂಡಲೇ ಆದರ್ಶವು ಕೆಟ್ಟಿತೆಂದು ತೀರ್ಮಾನಿಸುವುದು ಏರಿಯಸನ ದೃಷ್ಟಿ. ಸಂಪತ್ತು ದೇವರದೆಂದು ಹೇಳಿ ಲೆಕ್ಕ ಕೇಳದಿರುವುದು ಕಣಜದೊಡೆಯನ ದೃಷ್ಟಿ. ಇತಿಹಾಸದ ಅಭ್ಯಾಸಿಯು ಬೇಸಿಲನು ತಾನೇ ಒದಗಿಸಿದ ಅಳತೆಗೋಲನ್ನು ಹಿಡಿದು ನೋಡಬೇಕು. ಒಂದು ಮಠದ, ಒಂದು ಧರ್ಮಸಂಸ್ಥೆಯ ದಾಖಲೆಗಳು ಕೈಗೆ ಬಂದಾಗ ಭೂಮಿ ಎಷ್ಟು ಎಂದು ಕೇಳುವುದರ ಜೊತೆಗೆ, ಬಾಗಿಲಿಗೆ ಬಂದವರು ಯಾರು, ಅವರಿಗೆ ದೊರೆತುದೇನು, ಹಂಚಿದವನು ತಾನು ಏನನ್ನು ಉಂಡನು ಎಂಬ ಮೂರು ಪ್ರಶ್ನೆಗಳನ್ನೂ ಕೇಳಬೇಕು. ಮೊದಲ ಪ್ರಶ್ನೆಗೆ ಉತ್ತರ ಕೊಡುವ ಶಾಸನಗಳೂ ಪತ್ರಗಳೂ ಹೇರಳ. ಉಳಿದ ಮೂರಕ್ಕೆ ಉತ್ತರ ಕೊಡುವ ಆಧಾರಗಳು ವಿರಳ. ಸಿಸೇರಿಯದ ವಿಷಯದಲ್ಲಿ ಅವು ಅಷ್ಟಿಷ್ಟಾದರೂ ಉಳಿದು ಬಂದಿರುವುದೇ ಈ ಸಣ್ಣ ಅಧ್ಯಯನಕ್ಕೆ ಅವಕಾಶವಾಯಿತು.